ಊರ ನಡುವಿನ ಏಕಾಂತ

ರಂಜಾನ್ ಎಂದರೆ ಹಗಲಿನ ಉಪವಾಸ, ಸಂಜೆಯ ಇಫ್ತಾರ್, ಕೊನೆಗೆ ಚಂದ್ರದರ್ಶನ ಮತ್ತು ಹಬ್ಬ. ಹೊರಗಿನಿಂದ ನೋಡುವವರಿಗೆ ಈ ತಿಂಗಳು ಸಾಮಾನ್ಯವಾಗಿ ಕಾಣುವುದು ಹೀಗೆ. ಆದರೆ ಇಪ್ಪತ್ತನೆಯ ಉಪವಾಸದ ಸಂಜೆಯಿಂದ ತಿಂಗಳ ಸ್ವರೂಪ ಬದಲಾಗುತ್ತದೆ. ಅಂದು ಸೂರ್ಯ ಮುಳುಗುವ ಮೊದಲು ಕೆಲವರು ಹಾಸಿಗೆ, ಒಂದೆರಡು ಜೊತೆ ಬಟ್ಟೆ ಮತ್ತು ಕುರ್‌ಆನಿನ ಒಂದು ಪ್ರತಿಯನ್ನು ಹಿಡಿದು ಮಸೀದಿಗೆ ಹೋಗುತ್ತಾರೆ. ಒಳಗೆ ಮೂಲೆಯೊಂದರಲ್ಲಿ ಬಟ್ಟೆಯ ಮರೆ ಕಟ್ಟಿಕೊಳ್ಳುತ್ತಾರೆ. ಹಬ್ಬದ ಚಂದ್ರ ಕಾಣುವವರೆಗೆ ಅವರಿಗೆ ಅದೇ ಮನೆ. ಅಂಗಡಿ, ಹೊಲ, ಕಚೇರಿ ಯಾವುದೂ ಇಲ್ಲ. ಊಟ ಮನೆಯಿಂದ ಬರುತ್ತದೆ. ನಿದ್ದೆ ಅಲ್ಲಿಯೇ. ಈ ವ್ರತಕ್ಕೆ ಇತಿಕಾಫ್ ಎಂದು ಹೆಸರು.

ಇಸ್ಲಾಂ ಸಾಮೂಹಿಕ ಪ್ರಾರ್ಥನೆಗೆ, ಸಂಸಾರಕ್ಕೆ, ದುಡಿಮೆಗೆ ಬಹಳ ಬೆಲೆ ಕೊಡುವ ಧರ್ಮ. ಕಾವಿ ತೊಟ್ಟು ಮನೆಬಿಡುವ ಸನ್ಯಾಸಕ್ಕೆ ಅಲ್ಲಿ ವಿಧಿಯಿಲ್ಲ. ಇಂಥ ಧರ್ಮದಲ್ಲಿ ಹತ್ತು ದಿನ ಲೋಕವ್ಯವಹಾರ ಬಿಟ್ಟು ಕೂರುವ ಆಚರಣೆ ಹೇಗೆ ನೆಲೆಯೂರಿತು? ಅದಕ್ಕೆ ಹಾಕಿದ ಎಲ್ಲೆಗಳೇನು? ಈ ಪ್ರಶ್ನೆಗಳಿಗೆ ಉತ್ತರ ಏಳನೆಯ ಶತಮಾನದ ಮದೀನಾದಲ್ಲಿ ಸಿಗುತ್ತದೆ.

ಇತಿಕಾಫ್ ಎಂಬ ಅರಬಿ ಪದದ ಧಾತುವಿಗೆ ಒಂದೆಡೆ ಅಂಟಿಕೊಂಡು ನಿಲ್ಲುವುದು, ಬಿಡದೆ ಕೂರುವುದು ಎಂಬ ಅರ್ಥವಿದೆ. ಕುತೂಹಲದ ಸಂಗತಿಯೆಂದರೆ, ಕುರ್‌ಆನ್ ಇದೇ ಧಾತುವನ್ನು ಎರಡು ವಿರುದ್ಧ ಸಂದರ್ಭಗಳಲ್ಲಿ ಬಳಸುತ್ತದೆ. ವಿಗ್ರಹಗಳ ಮುಂದೆ ನಿಷ್ಠೆಯಿಂದ ಕುಳಿತ ತನ್ನ ಜನರನ್ನು ಪ್ರವಾದಿ ಇಬ್ರಾಹಿಂ ಪ್ರಶ್ನಿಸುವಲ್ಲಿಯೂ ಇದೇ ಪದ. ದೇವರ ಮನೆಯಾದ ಕಾಬಾವನ್ನು ಅಲ್ಲಿ ತಂಗುವ ಭಕ್ತರಿಗಾಗಿ ಶುದ್ಧವಾಗಿಡಬೇಕೆಂದು ಅವರಿಗೆ ಆದೇಶವಾಗುವಲ್ಲಿಯೂ ಇದೇ ಪದ. ಅಂದರೆ ಪವಿತ್ರ ಸ್ಥಳದಲ್ಲಿ ಬಿಡದೆ ಕೂರುವ ರೂಢಿ ಅರೇಬಿಯಾದಲ್ಲಿ ಇಸ್ಲಾಮಿಗಿಂತ ಹಳೆಯದು. ಮುಂದೆ ಎರಡನೆಯ ಖಲೀಫರಾದ ಉಮರ್, ಮತಾಂತರಕ್ಕೆ ಮೊದಲು ಕಾಬಾದ ಆವರಣದಲ್ಲಿ ಒಂದು ರಾತ್ರಿ ಕೂರುವ ಹರಕೆ ಹೊತ್ತಿದ್ದರು. ಅದನ್ನು ಈಗ ಏನು ಮಾಡಬೇಕೆಂದು ಅವರು ಕೇಳಿದಾಗ, ಹರಕೆ ತೀರಿಸುವಂತೆ ಪ್ರವಾದಿ ಮುಹಮ್ಮದರು ಹೇಳಿದರೆಂದು ಹದೀಸ್ ಗ್ರಂಥಗಳಲ್ಲಿದೆ.

ಮುಹಮ್ಮದರಿಗೂ ಏಕಾಂತ ಹೊಸದಾಗಿರಲಿಲ್ಲ. ಮೆಕ್ಕಾದ ಹೊರಗಿನ ಬೆಟ್ಟದಲ್ಲಿರುವ ಹಿರಾ ಗುಹೆಯಲ್ಲಿ ಅವರು ದಿನಗಟ್ಟಲೆ ಧ್ಯಾನದಲ್ಲಿ ಕೂರುತ್ತಿದ್ದರು. ಕ್ರಿ.ಶ. 610ರ ರಂಜಾನ್ ತಿಂಗಳ ಒಂದು ರಾತ್ರಿ ಮೊದಲ ದಿವ್ಯವಾಣಿ ಬಂದುದು ಅಲ್ಲಿಯೇ ಎಂಬುದು ಮುಸ್ಲಿಮರ ನಂಬಿಕೆ. ಆ ರಾತ್ರಿಯೇ ಲೈಲತುಲ್ ಖದ್ರ್. ನಮ್ಮ ಕಡೆಯ ಉರ್ದು ಬಳಕೆಯಲ್ಲಿ ಶಬೆ ಖದ್ರ್. ಖದ್ರ್ ಎಂದರೆ ಮಹಿಮೆ ಎಂದೂ ಹೌದು, ವಿಧಿ ಅಥವಾ ನಿರ್ಣಯ ಎಂದೂ ಹೌದು. ಕುರ್‌ಆನಿನ 97ನೆಯ ಅಧ್ಯಾಯ ಈ ರಾತ್ರಿಯನ್ನೇ ಕುರಿತದ್ದು. ಅದರ ಪ್ರಕಾರ ಈ ಒಂದು ರಾತ್ರಿ ಸಾವಿರ ತಿಂಗಳಿಗಿಂತ ಶ್ರೇಷ್ಠ. ಲೆಕ್ಕ ಹಾಕಿದರೆ ಅದು 83 ವರ್ಷ ನಾಲ್ಕು ತಿಂಗಳು. ಅಂದರೆ ಒಂದು ತುಂಬು ಬಾಳಿಗಿಂತ ಒಂದು ರಾತ್ರಿಯೇ ಮಿಗಿಲು ಎಂದಂತಾಯಿತು.

622ರಲ್ಲಿ ಮುಹಮ್ಮದರು ಮದೀನಾಕ್ಕೆ ವಲಸೆ ಬಂದರು. 624ರಲ್ಲಿ ರಂಜಾನ್ ಉಪವಾಸ ಕಡ್ಡಾಯವಾಯಿತು. ಇಲ್ಲಿ ಒಂದು ಬದಲಾವಣೆಯನ್ನು ಗಮನಿಸಬೇಕು. ಮೆಕ್ಕಾದಲ್ಲಿ ಬೆಟ್ಟದ ಗುಹೆಯಲ್ಲಿದ್ದ ಏಕಾಂತ ಮದೀನಾದಲ್ಲಿ ಮಸೀದಿಯೊಳಗೆ ಬಂತು. ಆ ಮಸೀದಿಯಾದರೋ ನಿರ್ಜನ ಸ್ಥಳವಲ್ಲ. ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಅದರದೇ ಗರಿಗಳ ಮಾಡು ಇದ್ದ ಆ ಕಟ್ಟಡ ಊರಿನ ಪ್ರಾರ್ಥನಾ ಸ್ಥಳವಾಗಿದ್ದಂತೆಯೇ ಪಾಠಶಾಲೆಯೂ ನ್ಯಾಯಸ್ಥಾನವೂ ಆಗಿತ್ತು. ಮನೆಯಿಲ್ಲದ ಬಡವರು ಅದರ ಒಂದು ಬದಿಯ ಚಪ್ಪರದಲ್ಲಿ ವಾಸವಾಗಿದ್ದರು. ಹೊರಗಿನಿಂದ ಬಂದ ನಿಯೋಗಗಳನ್ನೂ ಅಲ್ಲಿಯೇ ಬರಮಾಡಿಕೊಳ್ಳುತ್ತಿದ್ದರು. ಇಷ್ಟೆಲ್ಲ ಗದ್ದಲದ ನಡುವೆ ಒಂದು ಪುಟ್ಟ ಡೇರೆ, ಅದರ ಬಾಗಿಲಿಗೆ ಚಾಪೆಯ ಮರೆ: ಪ್ರವಾದಿಯ ಇತಿಕಾಫ್ ನಡೆದುದು ಹೀಗೆ. ಊರನ್ನು ಬಿಟ್ಟು ಕಾಡಿಗೆ ಹೋಗುವ ತಪಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿಂದಲೇ ಆರಂಭವಾಗುತ್ತದೆ. ನಮ್ಮ ಜೈನ ಮುನಿಗಳೂ ಯತಿಗಳೂ ಮಳೆಗಾಲದ ಚಾತುರ್ಮಾಸ್ಯದಲ್ಲಿ ಒಂದೇ ಕಡೆ ನಿಲ್ಲುವುದುಂಟು. ಆದರೆ ಅವರು ಮೊದಲೇ ಮನೆಬಿಟ್ಟವರು. ಇತಿಕಾಫ್ ಕೂರುವವನು ಸಂಸಾರಿ. ಹತ್ತು ದಿನ ಕಳೆದರೆ ಮತ್ತೆ ತನ್ನ ತಕ್ಕಡಿಗೋ ನೇಗಿಲಿಗೋ ಮರಳುವವನು.

ಕೊನೆಯ ಹತ್ತು ದಿನಗಳೇ ಏಕೆ ಎಂಬುದಕ್ಕೂ ಒಂದು ಕಥೆಯಿದೆ. ಅದನ್ನು ಹೇಳಿದವರು ಪ್ರವಾದಿಯ ಸಂಗಾತಿ ಅಬೂ ಸಯೀದ್ ಅಲ್ ಖುದ್ರಿ. ಮಹಿಮೆಯ ರಾತ್ರಿಯನ್ನು ಅರಸಿ ಮುಹಮ್ಮದರು ಮೊದಲು ತಿಂಗಳ ಆರಂಭದ ಹತ್ತು ದಿನ ಕೂತರು, ಬಳಿಕ ನಡುವಿನ ಹತ್ತು ದಿನ ಕೂತರು. ಅದು ಕೊನೆಯ ಹತ್ತರಲ್ಲಿದೆ ಎಂಬ ಸೂಚನೆ ಆಮೇಲೆ ದೊರೆಯಿತು. ಆ ರಾತ್ರಿಯ ಮುಂಜಾನೆ ತಾವು ಕೆಸರಿನಲ್ಲಿ ಹಣೆಯಿಟ್ಟು ನಮಿಸುತ್ತಿರುವುದನ್ನು ಅವರು ಕನಸಿನಲ್ಲಿ ಕಂಡಿದ್ದರಂತೆ. ಇಪ್ಪತ್ತೊಂದನೆಯ ರಾತ್ರಿ ಮಳೆ ಬಂತು. ಗರಿಗಳ ಮಾಡು ಸೋರಿತು. ಬೆಳಗಿನ ನಮಾಜು ಮುಗಿಸಿ ತಿರುಗಿದ ಪ್ರವಾದಿಯ ಹಣೆಯಲ್ಲಿ ಕೆಸರು ಮೆತ್ತಿದ್ದುದನ್ನು ಅಬೂ ಸಯೀದ್ ಕಣ್ಣಾರೆ ಕಂಡರು.

ಹಾಗಾದರೆ ಇಪ್ಪತ್ತೊಂದೇ ಆ ರಾತ್ರಿ ಎಂದು ಶಾಶ್ವತವಾಗಿ ಗೊತ್ತುಮಾಡಬಹುದಿತ್ತಲ್ಲ? ಹಾಗೆ ಆಗಲಿಲ್ಲ. ಇದಕ್ಕೆ ಇನ್ನೊಂದು ಪ್ರಸಂಗವನ್ನು ಉಬಾದಾ ಬಿನ್ ಸಾಮಿತ್ ವರದಿ ಮಾಡಿದ್ದಾರೆ. ಮಹಿಮೆಯ ರಾತ್ರಿ ಯಾವುದೆಂದು ತಿಳಿಸಲು ಪ್ರವಾದಿ ಒಮ್ಮೆ ಹೊರಗೆ ಬಂದರು. ಅಷ್ಟರಲ್ಲಿ ಇಬ್ಬರು ಜಗಳವಾಡುತ್ತಿದ್ದರು. ಆ ಗಲಾಟೆಯಲ್ಲಿ ತಿಥಿಯ ತಿಳಿವು ತಮ್ಮಿಂದ ಎತ್ತಿಕೊಳ್ಳಲ್ಪಟ್ಟಿತು, ಬಹುಶಃ ಅದೂ ಒಳ್ಳೆಯದಕ್ಕೇ ಇರಬಹುದು, ಇನ್ನು ನೀವೇ ಅದನ್ನು ಹುಡುಕಬೇಕು ಎಂದು ಅವರು ತಿಳಿಸಿದರು. ಜಗಳಕ್ಕೆ ಕಾರಣ ಒಂದು ಸಾಲದ ವಿಚಾರ ಇದ್ದಿರಬಹುದೆಂದು ಊಹಿಸಿದ ವ್ಯಾಖ್ಯಾನಕಾರರೂ ಇದ್ದಾರೆ. ಇಬ್ಬರ ವ್ಯಾಜ್ಯದಿಂದ ಇಡೀ ಸಮುದಾಯ ಒಂದು ತಿಳಿವನ್ನು ಕಳೆದುಕೊಂಡಿತು ಎಂಬ ಈ ನೆನಪು ಇತಿಕಾಫಿನ ಇತಿಹಾಸದಲ್ಲಿ ಬಹಳ ಮುಖ್ಯವಾದುದು. ರಾತ್ರಿಯ ಪೂಜೆ ಎಷ್ಟೇ ದೊಡ್ಡದಾದರೂ ಹಗಲಿನ ನಡತೆಯಿಂದ ಅದು ಬೇರೆಯಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ.

ತಿಥಿ ಅನಿಶ್ಚಿತವಾದ್ದರಿಂದ ಹುಡುಕಾಟ ಬೆಳೆಯಿತು. 21, 23, 25, 27, 29 ಹೀಗೆ ಬೆಸ ರಾತ್ರಿಗಳಲ್ಲಿ ಹುಡುಕಬೇಕೆಂಬುದು ಹೆಚ್ಚಿನವರು ಒಪ್ಪಿದ ಮಾತು. ಕುರ್‌ಆನ್ ಪಂಡಿತರಾದ ಉಬಯ್ ಬಿನ್ ಕಅಬ್ ಅದು 27ನೆಯ ರಾತ್ರಿಯೇ ಎಂದು ಆಣೆಯಿಟ್ಟು ಹೇಳುತ್ತಿದ್ದರು. ಇನ್ನೊಬ್ಬ ಹಿರಿಯ ಸಂಗಾತಿ ಇಬ್ನ್ ಮಸೂದ್ ಮಾತ್ರ ವರ್ಷವಿಡೀ ರಾತ್ರಿ ಎದ್ದು ಪ್ರಾರ್ಥಿಸುವವನಿಗೆ ಅದು ಸಿಗುತ್ತದೆ ಎನ್ನುತ್ತಿದ್ದರು. ಇದನ್ನು ಕೇಳಿದ ಉಬಯ್, ಇಬ್ನ್ ಮಸೂದರಿಗೆ ತಿಥಿ ಗೊತ್ತಿದೆ, ಆದರೆ ಜನ ಒಂದೇ ರಾತ್ರಿಯನ್ನು ನೆಚ್ಚಿ ಕೂರಬಾರದೆಂದು ಹಾಗೆ ಹೇಳುತ್ತಾರೆ ಎಂದು ವಿವರಿಸಿದರಂತೆ. ಮುಂದೆ ಅಕ್ಷರಗಳ ಲೆಕ್ಕವೂ ಸೇರಿಕೊಂಡಿತು. ಲೈಲತುಲ್ ಖದ್ರ್ ಎಂಬುದರಲ್ಲಿ ಅರಬಿಯ ಒಂಬತ್ತು ಅಕ್ಷರಗಳಿವೆ, ಆ ಅಧ್ಯಾಯದಲ್ಲಿ ಅದು ಮೂರು ಸಲ ಬಂದಿದೆ, ಆದ್ದರಿಂದ 27 ಎಂಬುದು ಒಂದು ಜಾಣ ಲೆಕ್ಕ. ಹದಿನೈದನೆಯ ಶತಮಾನದಲ್ಲಿ ಕೈರೋದ ಮಹಾ ವಿದ್ವಾಂಸ ಇಬ್ನ್ ಹಜರ್ ಈ ವಿಚಾರದ ಅಭಿಪ್ರಾಯಗಳನ್ನೆಲ್ಲ ಕಲೆಹಾಕಿದಾಗ ಅವು ನಲವತ್ತನ್ನು ಮೀರಿದ್ದವು. ಸುನ್ನಿ ಜನಸಾಮಾನ್ಯರಲ್ಲಿ ಇಂದಿಗೂ 27ನೆಯ ರಾತ್ರಿಗೇ ಹೆಚ್ಚಿನ ಸಂಭ್ರಮ. ಶಿಯಾಗಳು 19, 21, 23ನೆಯ ರಾತ್ರಿಗಳಲ್ಲಿ ಜಾಗರಣೆ ಮಾಡುತ್ತಾರೆ. 661ರಲ್ಲಿ ಕೂಫಾದ ಮಸೀದಿಯಲ್ಲಿ ಇಮಾಮ್ ಅಲಿಯವರ ಮೇಲೆ ಕತ್ತಿಯೇಟು ಬಿದ್ದುದು ರಂಜಾನಿನ 19ರಂದು, ಅವರು ಕಣ್ಮುಚ್ಚಿದುದು 21ರಂದು. ಹೀಗಾಗಿ ಅವರ ಜಾಗರಣೆಯಲ್ಲಿ ಶೋಕವೂ ಬೆರೆತಿದೆ.

ಏಕಾಂತಕ್ಕೆ ಎಲ್ಲೆಗಳೂ ಆ ಮಸೀದಿಯಲ್ಲಿಯೇ ಗೊತ್ತಾದವು. ಪ್ರವಾದಿಯ ಪತ್ನಿ ಆಯಿಷಾ ಅವರ ಕೋಣೆಯ ಬಾಗಿಲು ಮಸೀದಿಗೇ ತೆರೆದಿತ್ತು. ಇತಿಕಾಫಿನಲ್ಲಿದ್ದ ಪ್ರವಾದಿ ಮಸೀದಿಯೊಳಗಿಂದಲೇ ತಲೆ ಚಾಚುತ್ತಿದ್ದರು, ಆಯಿಷಾ ತಮ್ಮ ಕೋಣೆಯಿಂದಲೇ ಅವರ ತಲೆ ಬಾಚುತ್ತಿದ್ದರು. ಹೊರಗೆ ಕಾಲಿಡುವುದು ದೇಹಬಾಧೆ ತೀರಿಸುವಂಥ ಅಗತ್ಯಗಳಿಗೆ ಮಾತ್ರ. ದಾಂಪತ್ಯ ಸಂಬಂಧ ಆ ದಿನಗಳಲ್ಲಿ ನಿಷಿದ್ಧ. ಆದರೆ ಮಾತುಕತೆ ನಿಷಿದ್ಧವಲ್ಲ. ಇನ್ನೊಬ್ಬ ಪತ್ನಿ ಸಫಿಯ್ಯಾ ಒಂದು ರಾತ್ರಿ ಭೇಟಿಗೆ ಬಂದು ಹೊರಟಾಗ ಪ್ರವಾದಿ ಬಾಗಿಲವರೆಗೆ ಜೊತೆಗೆ ಬಂದರು. ದಾರಿಯಲ್ಲಿ ಇಬ್ಬರು ಎದುರಾದರು. ಅವರ ಮನಸ್ಸಿನಲ್ಲಿ ಸಂದೇಹಕ್ಕೆ ಎಡೆಯಾಗಬಾರದೆಂದು ಈಕೆ ಸಫಿಯ್ಯಾ ಎಂದು ಪ್ರವಾದಿ ತಾವಾಗಿ ತಿಳಿಸಿದರು.

ಮತ್ತೊಂದು ರಂಜಾನಿನಲ್ಲಿ ಆಯಿಷಾ ಅನುಮತಿ ಪಡೆದು ಮಸೀದಿಯಲ್ಲಿ ತಮಗೂ ಡೇರೆ ಹಾಕಿಸಿದರು. ಅದನ್ನು ನೋಡಿ ಹಫ್ಸಾ ಹಾಕಿಸಿದರು. ಅವರನ್ನು ನೋಡಿ ಝೈನಬ್ ಹಾಕಿಸಿದರು. ಬೆಳಿಗ್ಗೆ ಸಾಲುಗಟ್ಟಿದ ಡೇರೆಗಳನ್ನು ಕಂಡ ಪ್ರವಾದಿ, ಇದೆಲ್ಲ ಪುಣ್ಯದ ಉದ್ದೇಶದಿಂದ ಮಾಡಿದ್ದೇ ಎಂದು ಕೇಳಿ ಅವನ್ನೆಲ್ಲ ಬಿಚ್ಚಿಸಿದರು. ಅಷ್ಟೇ ಅಲ್ಲ, ಆ ರಂಜಾನಿನಲ್ಲಿ ತಾವೂ ಕೂರಲಿಲ್ಲ. ಮುಂದಿನ ಶವ್ವಾಲ್ ತಿಂಗಳಲ್ಲಿ ಹತ್ತು ದಿನ ಕೂತು ತೀರಿಸಿದರು. ಭಕ್ತಿಯಲ್ಲಿಯೂ ಪೈಪೋಟಿ ನುಸುಳಬಹುದು ಎಂಬ ಎಚ್ಚರ ಇಲ್ಲಿ ಕಾಣುತ್ತದೆ. ಇದು ಮಹಿಳೆಯರಿಗೆ ಹಾಕಿದ ನಿಷೇಧವಲ್ಲ. ಪ್ರವಾದಿಯ ನಿಧನಾನಂತರ ಅವರ ಪತ್ನಿಯರು ಇತಿಕಾಫ್ ನಡೆಸಿಕೊಂಡು ಬಂದರೆಂದು ಆಯಿಷಾ ಅವರೇ ಹೇಳಿದ್ದಾರೆ.

ನಂತರದ ಶತಮಾನಗಳಲ್ಲಿ ನ್ಯಾಯಪಂಡಿತರು ಈ ಪ್ರಸಂಗಗಳಿಂದಲೇ ನಿಯಮಗಳನ್ನು ರೂಪಿಸಿದರು. ಅವರ ಭಿನ್ನಾಭಿಪ್ರಾಯಗಳು ಇಂದು ಕರ್ನಾಟಕದ ಮಸೀದಿಗಳಲ್ಲಿಯೂ ಕಾಣಸಿಗುತ್ತವೆ. ಒಳನಾಡಿನ ಉರ್ದು ಮನೆಮಾತಿನ ಮುಸ್ಲಿಮರು ಹೆಚ್ಚಾಗಿ ಇಮಾಮ್ ಅಬೂ ಹನೀಫಾರ ಹನಫಿ ಪಂಥದವರು. ಈ ಪಂಥದಲ್ಲಿ ಕೊನೆಯ ಹತ್ತು ದಿನಗಳ ಇತಿಕಾಫ್ ಊರಿನ ಸಾಮೂಹಿಕ ಹೊಣೆ. ಒಬ್ಬರು ಕೂತರೂ ಎಲ್ಲರ ಹೊಣೆ ತೀರಿತು. ಯಾರೂ ಕೂರದಿದ್ದರೆ ಎಲ್ಲರೂ ತಪ್ಪಿತಸ್ಥರು. ಹಾಗೆಂದು ಕೂಲಿ ಕೊಟ್ಟು ಒಬ್ಬನನ್ನು ಕೂರಿಸುವಂತಿಲ್ಲ. ಹನಫಿ ಮಹಿಳೆಯರು ಮನೆಯಲ್ಲಿ ನಮಾಜಿಗೆಂದು ಗೊತ್ತುಮಾಡಿದ ಜಾಗದಲ್ಲಿಯೇ ಕೂರುತ್ತಾರೆ. ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಇಮಾಮ್ ಶಾಫಿಯವರ ಪಂಥದವರು. ಶಾಫಿಗಳ ಪ್ರಕಾರ ಇತಿಕಾಫಿಗೆ ಉಪವಾಸ ಕಡ್ಡಾಯವಲ್ಲ. ಉಮರರು ಹರಕೆ ಹೊತ್ತಿದ್ದುದು ರಾತ್ರಿಗೆ, ರಾತ್ರಿ ಉಪವಾಸವೆಲ್ಲಿ ಎಂಬುದು ಅವರ ವಾದ. ಸಂಕಲ್ಪ ಮಾಡಿ ಸ್ವಲ್ಪ ಹೊತ್ತು ಮಸೀದಿಯಲ್ಲಿ ತಂಗಿದರೂ ಅದು ಇತಿಕಾಫೇ. ಆ ಕಡೆಯ ಕೆಲವು ಮಸೀದಿಗಳಲ್ಲಿ ಇತಿಕಾಫಿನ ಸಂಕಲ್ಪವಾಕ್ಯ ಬರೆದ ಫಲಕ ಕಾಣುವುದು ಇದರಿಂದಲೇ. ಶಿಯಾ ಪಂಥದಲ್ಲಿ ಕನಿಷ್ಠ ಮೂರು ದಿನ ಕೂರಬೇಕು, ಉಪವಾಸವೂ ಬೇಕು.

ಮದೀನಾದ ಮಸೀದಿ ಇಂದು ಗುರುತು ಸಿಗದಷ್ಟು ಬೆಳೆದಿದೆ. ಆದರೂ ಇತಿಕಾಫಿನ ದಿನಗಳಲ್ಲಿ ಪ್ರವಾದಿಯ ಹಾಸಿಗೆ ಇರುತ್ತಿದ್ದ ಸ್ಥಳವೆಂದು ಒಂದು ಕಂಬವನ್ನು ಇಂದಿಗೂ ಗುರುತಿಸುತ್ತಾರೆ. ಬದುಕಿನ ಕೊನೆಯ ರಂಜಾನಿನಲ್ಲಿ, ಅಂದರೆ 631ರಲ್ಲಿ, ಅವರು ಹತ್ತಲ್ಲ, ಇಪ್ಪತ್ತು ದಿನ ಕೂತಿದ್ದರು. ಈಗ ಮೆಕ್ಕಾ ಮತ್ತು ಮದೀನಾದಲ್ಲಿ ಕೂರಲು ಮೊದಲೇ ನೋಂದಾಯಿಸಿ ಪರವಾನಗಿ ಪಡೆಯಬೇಕು. ಕೊರೊನಾದಿಂದಾಗಿ 2020 ಮತ್ತು 2021ರಲ್ಲಿ ಅಲ್ಲಿ ಇತಿಕಾಫ್ ನಿಂತು, 2022ರಲ್ಲಿ ಮತ್ತೆ ಆರಂಭವಾಯಿತು. 2020ರ ಲಾಕ್‌ಡೌನ್‌ನಲ್ಲಿ ನಮ್ಮ ದೇಶದ ಮಸೀದಿಗಳಲ್ಲಿಯೂ ಜನ ಸೇರುವಂತಿರಲಿಲ್ಲ. ಒಬ್ಬರು ಕೂತರೂ ಸಾಕು ಎಂಬ ಹಳೆಯ ನಿಯಮದ ಬೆಲೆ ಇಂಥ ಕಾಲದಲ್ಲಿ ತಿಳಿಯುತ್ತದೆ.

ಇತಿಕಾಫಿನ ಮಾತು ಬಂದಾಗ ಧರ್ಮಬೋಧಕರು ಹೇಳುವ ಒಂದು ಕಥೆಯಿದೆ. ಅದರ ವರದಿಯ ಪರಂಪರೆ ದುರ್ಬಲವೆಂದು ಹಲವು ಹದೀಸ್ ವಿದ್ವಾಂಸರು ಹೇಳಿದರೂ ಜನಮನದಲ್ಲಿ ಅದು ಉಳಿದಿದೆ. ಪ್ರವಾದಿಯ ಚಿಕ್ಕಪ್ಪನ ಮಗ ಇಬ್ನ್ ಅಬ್ಬಾಸ್ ಮದೀನಾದ ಮಸೀದಿಯಲ್ಲಿ ಇತಿಕಾಫ್ ಕೂತಿದ್ದರು. ಸಾಲದಲ್ಲಿ ಸಿಕ್ಕಿಕೊಂಡ ಒಬ್ಬಾತ ಬಾಡಿದ ಮುಖದಿಂದ ಬಂದು ಕುಳಿತ. ಸಾಲಗಾರನೊಡನೆ ನಿನ್ನ ಪರವಾಗಿ ಮಾತಾಡುತ್ತೇನೆ ಎಂದು ಇಬ್ನ್ ಅಬ್ಬಾಸ್ ಪಾದರಕ್ಷೆ ಮೆಟ್ಟಿ ಹೊರಟೇಬಿಟ್ಟರು. ನೀವು ಇತಿಕಾಫಿನಲ್ಲಿರುವುದು ಮರೆತುಹೋಯಿತೇ ಎಂದು ಆತ ಗಾಬರಿಯಿಂದ ಕೇಳಿದ. ಅವರು ಕಣ್ತುಂಬಿಕೊಂಡು ಪ್ರವಾದಿಯ ಸಮಾಧಿಯತ್ತ ತೋರಿಸಿ, ಸೋದರನ ಕಷ್ಟ ನೀಗಲು ನಡೆಯುವುದು ಹತ್ತು ವರ್ಷಗಳ ಇತಿಕಾಫಿಗಿಂತ ಮೇಲೆಂದು ತಾವು ಅವರಿಂದಲೇ ಕೇಳಿದ್ದಾಗಿ ಹೇಳಿದರಂತೆ.

ಒಂದು ಕಡೆ ಸಾಲದ ಜಗಳದಿಂದ ಕಳೆದುಹೋಯಿತೆನ್ನಲಾದ ತಿಥಿ. ಇನ್ನೊಂದು ಕಡೆ ಸಾಲಗಾರನಿಗಾಗಿ ಮುರಿದ ವ್ರತ. ಇತಿಕಾಫಿನ ಡೇರೆ ಬೆಟ್ಟದ ಗುಹೆಯಲ್ಲಿ ಉಳಿಯದೆ ಊರ ನಡುವಿನ ಮಸೀದಿಗೆ ಬಂದುದರ ಅರ್ಥ ಈ ಎರಡು ಕಥೆಗಳಲ್ಲಿದೆ ಎನ್ನಬಹುದು. ಅಲ್ಲಿ ಕೂತವನ ಕಿವಿಗೆ ಬೀದಿಯ ಸದ್ದು ಕೇಳುತ್ತಲೇ ಇರುತ್ತದೆ. ಹತ್ತು ದಿನ ಅವನು ಅದರಿಂದ ದೂರವಿರುತ್ತಾನೆ. ಹಬ್ಬದ ಚಂದ್ರ ಕಂಡೊಡನೆ ಮರೆ ಬಿಚ್ಚಿ, ಹಾಸಿಗೆ ಸುತ್ತಿ, ಅದೇ ಬೀದಿಗೆ ಮರಳುತ್ತಾನೆ.