ಸದ್ದಿಲ್ಲದ ಓಟ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟವನು ಪುಣೆ–ಹೈದರಾಬಾದು ಹೆದ್ದಾರಿಯಲ್ಲಿ, ಸಸ್ತಾಪುರ ಬಂಗ್ಲಾದ ಬಳಿ ಚಹಕ್ಕೆಂದು ಇಳಿದಿದ್ದೆ. ಸುತ್ತಲೂ ಲಾರಿ ರಿಪೇರಿಯ ಗದ್ದಲ. ಸುತ್ತಿಗೆಯ ಪೆಟ್ಟು, ವೆಲ್ಡಿಂಗಿನ ಕಿಡಿ. ಅದರ ನಡುವೆ ಕರೆಂಟಿನ ಕಾರೊಂದು ಬೆಕ್ಕಿನಂತೆ ಸರಿದುಹೋಯಿತು. ಗ್ರೀಸಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಮೇಸ್ತ್ರಿ, “ಆವಾಜೇ ಇಲ್ಲದ ಗಾಡಿಗೆ ಜೋರು ಎಲ್ಲಿಂದ ಬರ್ಬೇಕ್ರಿ?” ಎಂದು ನಕ್ಕ. ಇಪ್ಪತ್ತು ವರ್ಷಗಳ ಹಿಂದೆ ನಾನೂ ಹೀಗೆಯೇ ನಕ್ಕವನಾದ್ದರಿಂದ ಎದುರಾಡಲು ಬಾಯಿ ಬರಲಿಲ್ಲ.

ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ವಾಹನವನ್ನು ಅರಸನ ಉಪಭೋಗಗಳ ಸಾಲಿಗೆ ಸೇರಿಸಿದ, ಕುದುರೆಯ ಓಟವನ್ನೋ ವಿನೋದಗಳ ಸಾಲಿನಲ್ಲಿಟ್ಟ. ಸುಖವಾಗಿ ಊರು ಸೇರುವುದು ಬೇರೆ, ಓಟದ ಸುಖಕ್ಕಾಗಿಯೇ ಓಡುವುದು ಬೇರೆ. ನಾವು ಇಂದು ಸ್ಪೋರ್ಟ್ಸ್ ಕಾರು ಎನ್ನುವುದು ಈ ಎರಡನೆಯ ಜಾತಿಯದು.

ಈ ವಿನೋದದಲ್ಲಿ ವಿದ್ಯುತ್ತು ಪೆಟ್ರೋಲಿಗೆ ಹಿರಿಯಣ್ಣ ಎಂದರೆ ಮೇಸ್ತ್ರಿ ನಂಬಲಾರ. ಭೂಮಿಯ ಮೇಲೆ ಗಂಟೆಗೆ 100 ಕಿಲೋಮೀಟರಿನ ಗೆರೆಯನ್ನು ಮೊದಲು ದಾಟಿದ ಕಾರು ಬ್ಯಾಟರಿಯದೇ. 1899ರ ಏಪ್ರಿಲ್‌ನಲ್ಲಿ, ಪ್ಯಾರಿಸ್ಸಿನ ಹತ್ತಿರ, ಬೆಲ್ಜಿಯಮ್ಮಿನ ಕಮೀಲ್ ಜೆನಾಟ್ಜಿ ಸಿಗಾರಿನ ಆಕಾರದ ಗಾಡಿಯನ್ನು 105.88 ಕಿಲೋಮೀಟರ್ ವೇಗದಲ್ಲಿ ಓಡಿಸಿದ. ಮರುವರ್ಷವೇ ಫರ್ಡಿನಾಂಡ್ ಪೋರ್ಷ ಚಕ್ರದ ಗುಂಬದೊಳಗೆ ಮೋಟಾರು ಕೂಡಿಸಿದ. ಬ್ಯಾಟರಿಯ ಭಾರ ತಾಳಲಾರದೆ, ವಿದ್ಯುತ್ತು ತಯಾರಿಸಲು ಪೆಟ್ರೋಲ್ ಎಂಜಿನ್ನನ್ನೂ ಗಾಡಿಗೆ ಏರಿಸಿದ. ಹೈಬ್ರಿಡ್ ಕಾರು ಹುಟ್ಟಿದ್ದು ಹೀಗೆ.

ಕೊರತೆ ಜೋರಿನದಲ್ಲ, ಬುತ್ತಿಯದು. ಪೆಟ್ರೋಲ್ ಎಂಜಿನ್ನು ಗಿರಗಿರನೆ ತಿರುಗಿದ ಮೇಲಷ್ಟೇ ಮೈದುಂಬುತ್ತದೆ. ವಿದ್ಯುತ್ ಮೋಟಾರು ನಿಂತ ನಿಲುವಿನಲ್ಲೇ ತನ್ನ ತಿರುಚುಬಲವನ್ನೆಲ್ಲ ಕೊಡುತ್ತದೆ. ಆದರೆ ಸೀಸದ ಬ್ಯಾಟರಿ! ಅದರ ತೂಕವನ್ನು ಲಾರಿ ಮೇಸ್ತ್ರಿಗೆ ನಾನು ಹೇಳಬೇಕೆ?

ನಾನು ನಕ್ಕದ್ದು 2001ರಲ್ಲಿ, ಬೆಂಗಳೂರಿನ ರಸ್ತೆಗೆ ‘ರೇವಾ’ ಇಳಿದಾಗ. ಎಂಟು ಸೀಸದ ಬ್ಯಾಟರಿ. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರು. ಅಂದರೆ ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗಿ ಮರಳಿದರೆ ಮಿಕ್ಕುವುದು ಅಷ್ಟಕ್ಕಷ್ಟೆ. ಆಟಿಕೆ ಎಂದೆವು. ಅದನ್ನು ಕಟ್ಟಿದ ಚೇತನ್ ಮೈನಿ ಓಟದ ಕಣದಿಂದಲೇ ಬಂದವರೆಂಬುದನ್ನು ಮಾತ್ರ ವಿಚಾರಿಸಲಿಲ್ಲ. ಮಿಶಿಗನ್ನಿನಲ್ಲಿ ಓದುವಾಗ ಅವರಿದ್ದ ತಂಡದ ಸೌರ ಕಾರು 1990ರಲ್ಲಿ ಆಸ್ಟ್ರೇಲಿಯವನ್ನು ಅಡ್ಡ ದಾಟುವ ಸ್ಪರ್ಧೆಯಲ್ಲಿ ಮೂರನೆಯದಾಗಿತ್ತು. ಆಮೇಲೆ ಸ್ಟ್ಯಾನ್‌ಫರ್ಡಿನಲ್ಲಿ ಅವರು ಹೈಬ್ರಿಡ್ ಕಾರಿನ ಮೇಲೂ ಕೆಲಸ ಮಾಡಿದ್ದರು. 2005ರಲ್ಲಿ ಅದೇ ಬೆಂಗಳೂರಿನ ಕಂಪನಿ, ದಿಲೀಪ್ ಛಾಬ್ರಿಯಾ ರೂಪಿಸಿದ ಎರಡು ಆಸನದ ‘ಎನ್‌ಎಕ್ಸ್‌ಜಿ’ಯನ್ನು ಮುಂದಿಟ್ಟಿತು: 200 ಕಿಲೋಮೀಟರಿನ ಓಟ, 120ರ ವೇಗ. ಟೆಸ್ಲಾದ ರೋಡ್‌ಸ್ಟರ್ ಇನ್ನೂ ಜಗತ್ತಿಗೆ ಮುಖ ತೋರಿಸಿರಲಿಲ್ಲ, ಗಮನಿಸಬೇಕು. ಎನ್‌ಎಕ್ಸ್‌ಜಿ ಕೊನೆಗೂ ಅಂಗಡಿಗೆ ಬರಲಿಲ್ಲ. ನಕ್ಕವರಲ್ಲಿ ಎಷ್ಟು ಮಂದಿಗೆ ಅದರ ಹೆಸರಾದರೂ ಗೊತ್ತು?

ಬುತ್ತಿಯ ಕಷ್ಟ ನೀಗಿಸಿದ್ದು ಲಿಥಿಯಂ. ಅಷ್ಟೇ ತೂಕದ ಸೀಸದ ಬ್ಯಾಟರಿಗಿಂತ ಮೂರು ನಾಲ್ಕು ಪಟ್ಟು ಶಕ್ತಿ ಅದರಲ್ಲಿ ಅಡಗುತ್ತದೆ. ಕ್ಯಾಲಿಫೋರ್ನಿಯದ ‘ಟಿ-ಜೀರೊ’ ಎಂಬ ಪ್ರಯೋಗದ ಕಾರು 2003ರಲ್ಲಿ ಸೀಸ ಬಿಟ್ಟು ಲಿಥಿಯಂ ಹಿಡಿಯಿತು. ಅದನ್ನು ಕಂಡು ಹುರುಪುಗೊಂಡವರ ರೋಡ್‌ಸ್ಟರ್ 2008ರಲ್ಲಿ, 6,831 ಪುಟ್ಟ ಸೆಲ್ಲುಗಳನ್ನು ಹೊತ್ತು ಬಂತು. 2013ರಲ್ಲಿ ಪೋರ್ಷ ಕಂಪನಿಯ ಹೈಬ್ರಿಡ್ 918 ಸ್ಪೈಡರ್ ಜರ್ಮನಿಯ ನ್ಯೂರ್ಬುರ್ಗ್‌ರಿಂಗ್ ಓಟದ ಹಾದಿಯನ್ನು ಏಳು ನಿಮಿಷದೊಳಗೆ ಸುತ್ತಿತು. ರೇವಾ ಕಂಪನಿಯನ್ನು 2010ರಲ್ಲಿ ಕೊಂಡ ಮಹೀಂದ್ರರು ಮುಂದೆ ಇಟಲಿಯ ಪಿನಿನ್‌ಫರೀನಾವನ್ನೂ ಕೊಂಡರು. 2019ರಲ್ಲಿ ಆ ಹೆಸರಿನಡಿ ‘ಬತಿಸ್ತಾ’ ಎಂಬ ವಿದ್ಯುತ್ ಕಾರು ಪ್ರಕಟವಾಯಿತು. ನಿಂತಲ್ಲಿಂದ ನೂರರ ವೇಗಕ್ಕೆ ಅದಕ್ಕೆ ಎರಡು ಸೆಕೆಂಡೂ ಬೇಡ. ಹಣ ನಮ್ಮವರದು, ಕೈಕೆಲಸ ಇಟಲಿಯದು. ನನಗಂತೂ ಬೊಮ್ಮಸಂದ್ರದ ಆ ಎರಡು ಆಸನದ್ದೇ ಹೆಚ್ಚು ಕಾಡುತ್ತದೆ.

ಮರಳುವಾಗ ಬಂಗ್ಲಾದಲ್ಲಿ ಇಳಿದು ಮೇಸ್ತ್ರಿಗೆ ಇಷ್ಟನ್ನೂ ಹೇಳಿದೆ. ಎರಡು ಸೆಕೆಂಡಿನ ಮಾತಿಗೆ ಆತ ಹುಬ್ಬೇರಿಸಿದ. ಆಮೇಲೆ ಲಾರಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ಕೇಳಿದ: “ಅದು ಕೆಟ್ಟರೆ ನಮ್ಮ ಹತ್ರ ತರ್ತಾರೇನ್ರಿ?”