ಓಲೆಗರಿಗಳ ಸಂರಕ್ಷಣೆ: ಕೊರೆದ ಅಕ್ಷರ, ಮಸಿಯ ಅಕ್ಷರ

ಹೊಳಲ್ಕೆರೆ ಸೀಮೆಯ ಒಂದು ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಓಲೆಯ ಕಟ್ಟನ್ನು ಪರಿಶೀಲಿಸುವ ಸಂದರ್ಭ ನನಗೆ ಒದಗಿತು. ಮನೆಯವರು ಶ್ರುತಪಂಚಮಿಯಂದು ಭಕ್ತಿಯಿಂದಲೇ ಗರಿಗಳನ್ನು ಒದ್ದೆಬಟ್ಟೆಯಿಂದ ಒರೆಸಿ ಎಣ್ಣೆ ಸವರಿದ್ದರು. ಬಹುತೇಕ ಗರಿಗಳು ಸ್ಫುಟವಾಗಿ ಓದುವಂತಿದ್ದವು. ನಡುವಿನ ನಾಲ್ಕರಲ್ಲಿ ಮಾತ್ರ ಅಕ್ಷರವೇ ಇರಲಿಲ್ಲ. ಕಂಠದಿಂದ ಕೊರೆದ ಪ್ರತಿಯಲ್ಲಿ ಲೋಪವಾಗಿದ್ದ ಭಾಗವನ್ನು ಹಿಂದೆ ಯಾರೋ ಮಸಿಯಿಂದ ಬರೆದು ಸೇರಿಸಿದ್ದರು. ಆ ಮಸಿಯೆಲ್ಲ ಬಟ್ಟೆಗೆ ಹತ್ತಿತ್ತು.

ಈ ಭೇದವನ್ನು ನಮ್ಮ ವಿದ್ವಾಂಸರು ಬಲ್ಲರಾದರೂ ಸಂರಕ್ಷಣೆಯ ಮಾತು ಬಂದಾಗ ಮರೆಯುತ್ತಾರೆ. ಕೊರೆದ ಗರಿಯಲ್ಲಿ ಅಕ್ಷರವು ಓಲೆಯ ಮೈಯೊಳಗಿದೆ; ಕಪ್ಪು ಅಳಿದರೂ ಗೀರು ಉಳಿಯುತ್ತದೆ, ಕಾಡಿಗೆಯನ್ನು ಮತ್ತೆ ತುಂಬಬಹುದು. ಮಸಿಯ ಅಕ್ಷರವು ಮೇಲೆ ಕುಳಿತಿರುವುದು, ಅಂಟಿನ ಬಲದಿಂದ ಮಾತ್ರ ನಿಂತಿರುವುದು. ಚಂದ್ರವಳ್ಳಿಯ ಮಯೂರಶರ್ಮನ ಬಂಡೆಶಾಸನಕ್ಕೂ ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಛಾವಣಿಯ ವರ್ಣಚಿತ್ರಗಳಿಗೂ ಇರುವ ಅಂತರವೇ ಇದು. ಶಾಸನವನ್ನು ಎಚ್ಚರದಿಂದ ತೊಳೆದು ಪಡಿಯಚ್ಚು ತೆಗೆಯಬಹುದು. ಚಿತ್ರಕ್ಕೆ ಒದ್ದೆಬಟ್ಟೆ ಮುಟ್ಟಿಸುವವರಿಲ್ಲ.

ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳು ಶ್ರೀತಾಳದ ಓಲೆಯ ಮೇಲೆ ಮಸಿಯಿಂದ ಬರೆದವು, ಕೆಲವು ಗರಿಗಳಲ್ಲಿ ವರ್ಣಚಿತ್ರಗಳೂ ಇವೆ ಎಂಬುದನ್ನು ಇಲ್ಲಿ ನೆನೆಯಬೇಕು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ 16 ಸಂಪುಟಗಳಲ್ಲಿ ಧವಲಾ ಟೀಕೆ ಅಚ್ಚಾಯಿತು. ಗ್ರಂಥ ಅಚ್ಚಾದ ಮೇಲೆ ಓಲೆಯಿಂದೇನು ಎನ್ನುವವರಿದ್ದಾರೆ. ಸಂದಿಗ್ಧ ಪಾಠವೊಂದು ಎದುರಾದಾಗ ಓಲೆಯ ಹೊರತು ಬೇರೆ ಸಾಕ್ಷಿ ಎಲ್ಲಿದೆ?

ನಿಜ ಹೇಳಬೇಕೆಂದರೆ ನಮ್ಮ ಪರಂಪರೆ ಕಾಪಾಡಿದ್ದು ಓಲೆಯನ್ನಲ್ಲ, ಪಾಠವನ್ನು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಶಾಸ್ತ್ರದಾನ ಮಾಡಿದಳು. ಜೀರ್ಣವಾದುದನ್ನು ಪ್ರತಿಮಾಡುವುದೇ ಅಂದಿನ ಸಂರಕ್ಷಣೆ. ಈಗ ಪ್ರತಿಕಾರರ ವೃತ್ತಿ ನಿಂತಿದೆ. ಆದುದರಿಂದ ಸಂರಕ್ಷಕನ ಕೈಗೆ ಬಂದಿರುವುದು ಬಹುಮಟ್ಟಿಗೆ ಕೊನೆಯ ಪ್ರತಿಗಳೇ.

ಅವನ ಕೆಲಸ ನಿಧಾನದ್ದು. ಮೊದಲು ಛಾಯಾಚಿತ್ರ. ಬಳಿಕ ಓರೆಬೆಳಕಿನಲ್ಲಿ ಪ್ರತಿಯೊಂದು ಗರಿಯ ಪರೀಕ್ಷೆ. ಮೇಲಿನ ಎರಡು ಗರಿ ನೋಡಿ ಇಡೀ ಕಟ್ಟಿನ ಬಗ್ಗೆ ತೀರ್ಮಾನಿಸುವುದಿಲ್ಲ. ಧೂಳನ್ನು ಒಣ ಮೃದುಕುಂಚದಿಂದ ತೆಗೆದು, ಯಾವ ದ್ರವವನ್ನಾದರೂ ಒಂದು ಅಕ್ಷರದ ತುದಿಯಲ್ಲಿ ಹತ್ತಿಯ ಎಳೆಯಿಂದ ಪರೀಕ್ಷಿಸಿದ ನಂತರವೇ ಮುಂದಿನ ಹೆಜ್ಜೆ. ಕೊರೆದ ಗರಿ ಬಿರುಸಾಗಿದ್ದರೆ ಹುಲ್ಲೆಣ್ಣೆಯನ್ನು ತೆಳ್ಳಗೆ ಸವರುವನು. ಚಿತ್ರದುರ್ಗದ ಒಣಸೀಮೆಯಲ್ಲಿ ಇದರ ಅಗತ್ಯ ಹೆಚ್ಚು. ಕರಾವಳಿಯಲ್ಲಿ ಬೂಷ್ಟಿನದೇ ಚಿಂತೆ. ಮುರಿದ ಅಂಚಿಗೆ ಅಂಟುಪಟ್ಟಿ ಹಚ್ಚುವುದಂತೂ ಅಪರಾಧವೆಂದೇ ನನ್ನ ಭಾವನೆ; ಅದು ಹಳದಿಗಟ್ಟಿ, ಕೀಳುವಾಗ ಓಲೆಯ ಪದರನ್ನೇ ಎತ್ತಿಕೊಂಡು ಬರುತ್ತದೆ.

ಹುಳುಗಳ ವಿಷಯದಲ್ಲಿ ನಮಗೊಂದು ಧರ್ಮಸಂಕಟವಿದೆ. ಧೂಮಪ್ರಯೋಗವೂ ಹಿಂಸೆ, ಗಾಳಿಯ ಆಮ್ಲಜನಕವನ್ನು ತೆಗೆಯುವ ಹೊಸ ವಿಧಾನವೂ ಹಿಂಸೆಯೇ. ಹುಳು ಬಾರದಂತೆ ಬಜೆಯ ಗಂಟನ್ನಿಟ್ಟು, ಕಟ್ಟನ್ನು ಆಗಾಗ ಬಿಚ್ಚಿ ನೋಡಿ, ಪೆಟ್ಟಿಗೆಯನ್ನು ಒಣಗಿಸಿಟ್ಟ ಹಿರಿಯರ ಕ್ರಮ ಈ ದೃಷ್ಟಿಯಿಂದ ವಿಚಾರಾರ್ಹ. ವರ್ಷಕ್ಕೊಮ್ಮೆ ಬಿಚ್ಚಿದರೆ ಸಾಲದು.

ಹೊಳಲ್ಕೆರೆಯ ಆ ನಾಲ್ಕು ಗರಿಗಳ ಅಂಚಿನಲ್ಲಿ ಪತ್ರಸಂಖ್ಯೆಗಳು ಇನ್ನೂ ಇವೆ. ಅವನ್ನು ಮಾತ್ರ ಕಂಠದಿಂದ ಕೊರೆದಿದ್ದರು. ಸೂಚಿಯಲ್ಲಿ ಆ ಸಂಖ್ಯೆಗಳ ಎದುರು ‘ಅಕ್ಷರನಷ್ಟ’ ಎಂದು ಬರೆದುಕೊಂಡು ಬಂದೆನು.