ಹಿತ್ತಲ ಗಿಡದ ಚರಿತ್ರೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ವಿರಳ. ಸನಿಹದಲ್ಲಿರುವುದು ಕಣ್ಣಿಗೆ ಬೀಳದು. ದೂರದ್ದಕ್ಕೇ ಬೆಲೆ ಹೆಚ್ಚು. ಅಮೆರಿಕೆಯಲ್ಲಿ ನೆಲೆಸಿರುವ ನಮ್ಮವರ ಪ್ರವಾಸದ ಪಟ್ಟಿಯನ್ನು ನೋಡಿದರೂ ಈ ಮಾತಿನ ಸತ್ಯ ಮನವರಿಕೆಯಾಗುತ್ತದೆ. ಊರಿನಿಂದ ತಂದೆತಾಯಿಯರು ಬಂದರೆ ನಯಾಗರ, ಗ್ರ್ಯಾಂಡ್ ಕ್ಯಾನಿಯನ್, ಲಾಸ್ ವೇಗಸ್. ದೀರ್ಘ ರಜೆ ದೊರೆತರೆ ಬೆಂಗಳೂರು, ಧರ್ಮಸ್ಥಳ, ಹೊರನಾಡು. ಇವೆರಡರ ನಡುವೆ, ನಾವು ದಿನನಿತ್ಯ ಹಾಲು ತರಕಾರಿ ತರಲು ಓಡಾಡುವ ಬೀದಿಗಳಿಗೂ ಒಂದು ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ನಮ್ಮ ದೇಶದವರ ಬೆವರೂ ಕಣ್ಣೀರೂ ಬೆರೆತಿವೆ ಎಂಬುದು ಬಹುಮಂದಿಯ ಗಮನಕ್ಕೆ ಬಾರದೆ ಉಳಿಯುತ್ತದೆ.

ನಮ್ಮದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಂಡೆಯಲ್ಲಿರುವ ಫ್ರೀಮಾಂಟ್ ನಗರ. ಮಕ್ಕಳು ವಿದ್ಯಾಭ್ಯಾಸಕ್ಕೆಂದು ಮನೆ ಬಿಟ್ಟ ಮೇಲೆ ನಾನೂ ನಮ್ಮ ಯಜಮಾನರೂ ಒಂದು ನಿಯಮ ಮಾಡಿಕೊಂಡೆವು. ತಿಂಗಳಿಗೊಂದು ಶನಿವಾರ, ಬುತ್ತಿಗೆ ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು, ಮನೆಯಿಂದ ಹೆಚ್ಚು ದೂರವಲ್ಲದ ಒಂದು ಸ್ಥಳವನ್ನು ನೋಡಿಬರುವುದು. ಅವರು ಇಂಜಿನಿಯರು, ಕಟ್ಟಡವನ್ನು ಹೇಗೆ ಕಟ್ಟಿದರು ಎಂದು ನೋಡುತ್ತಾರೆ. ನಾನು ಬಿ.ಎ. ತರಗತಿಯಲ್ಲಿ ಚರಿತ್ರೆ ಓದಿದವಳು. ಅಲ್ಲಿ ಯಾರಿದ್ದರು, ಅವರೇನಾದರು ಎಂದು ಕೇಳುತ್ತೇನೆ. ಈ ಎರಡು ಪ್ರಶ್ನೆಗಳ ನಡುವೆ ನಮಗೆ ದೊರೆತ ಸಂಗತಿಗಳಲ್ಲಿ ಕೆಲವನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ನನ್ನ ಉದ್ದೇಶ.

ಮೊದಲನೆಯದು ನಮ್ಮ ನಗರದಲ್ಲೇ ಇರುವ ಮಿಷನ್ ಸ್ಯಾನ್ ಹೋಸೆ. ಸ್ಪೇನಿನ ಪಾದ್ರಿಗಳು ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ 21 ಮಿಷನ್‌ಗಳಲ್ಲಿ ಇದು ಹದಿನಾಲ್ಕನೆಯದು. ಇದರ ಸ್ಥಾಪನೆ 1797ರ ಜೂನ್ 11ರಂದು. ಅಂದರೆ ಶ್ರೀರಂಗಪಟ್ಟಣದ ಪತನಕ್ಕೆ ಎರಡು ವರ್ಷ ಮುಂಚೆ. ಹಸಿಮಣ್ಣಿನ ಇಟ್ಟಿಗೆಯ ದಪ್ಪ ಗೋಡೆಗಳನ್ನು ಕಂಡಾಗ ನಮ್ಮ ಬಯಲುಸೀಮೆಯ ಹಳೆಯ ಮನೆಗಳ ನೆನಪಾಗುತ್ತದೆ. 1868ರ ಅಕ್ಟೋಬರ್ ಭೂಕಂಪದಲ್ಲಿ ಇಗರ್ಜಿ ನೆಲಸಮವಾಯಿತು. ಈಗ ಕಾಣುವುದು ಹಳೆಯ ಮಾದರಿಯಂತೆ ಪುನಃ ಕಟ್ಟಿ 1985ರಲ್ಲಿ ಪೂರೈಸಿದ ಕಟ್ಟಡ. ಇಟ್ಟಿಗೆ ಹೊತ್ತವರು, ಹೊಲ ಉತ್ತವರು ಈ ನೆಲದ ಮೂಲನಿವಾಸಿಗಳಾದ ಓಲೋನಿ ಜನ. ಹೊರಗಿನಿಂದ ಬಂದ ರೋಗಗಳಿಗೆ ಅವರು ಅಸಂಖ್ಯ ಸಂಖ್ಯೆಯಲ್ಲಿ ಬಲಿಯಾದರು. ಸಮೀಪದಲ್ಲೇ ಅವರ ಸ್ಮಶಾನಭೂಮಿಯಿದೆ. ಈ ನೆಲಕ್ಕೆ ವಲಸೆ ಬಂದವರಲ್ಲಿ ನಾವು ಮೊದಲಿಗರಲ್ಲ, ನಮಗಿಂತ ಮೊದಲು ಇಲ್ಲಿದ್ದವರಿಗೆ ಇದು ಸುಖದ ಕಥೆಯೂ ಅಲ್ಲ ಎಂಬ ಪಾಠ ಅಲ್ಲಿ ದೊರೆಯುತ್ತದೆ.

ಅಲ್ಲಿಂದ ತುಸು ದೂರದಲ್ಲಿರುವ ನೈಲ್ಸ್ 1956ರಲ್ಲಿ ಫ್ರೀಮಾಂಟ್ ನಗರವಾಗಿ ಒಂದುಗೂಡಿದ ಐದು ಊರುಗಳಲ್ಲೊಂದು. 1869ರಲ್ಲಿ ಪೂರ್ವ ಕರಾವಳಿಯಿಂದ ಬಂದ ರೈಲುಮಾರ್ಗ ಕೊಲ್ಲಿಯನ್ನು ಮುಟ್ಟಿದ್ದು ಇಲ್ಲಿನ ಕಣಿವೆಯ ಮೂಲಕ. ಆ ಪಶ್ಚಿಮದ ಹಳಿಗಳನ್ನು ಹಾಸಿದವರಲ್ಲಿ ಬಹುಪಾಲು ಚೀನೀ ಕಾರ್ಮಿಕರು. ಮುಂದೆ ಎಸ್ಸನೇ ಎಂಬ ಮೂಕಿಚಿತ್ರ ಸಂಸ್ಥೆ ಇಲ್ಲಿ ಸ್ಟುಡಿಯೋ ತೆರೆಯಿತು. ಟೆಂಟ್ ಸಿನೆಮಾಗಳಿಂದ ದೂರದರ್ಶನದವರೆಗೆ ನಮ್ಮನ್ನೆಲ್ಲ ನಗಿಸಿದ ಚಾರ್ಲಿ ಚಾಪ್ಲಿನ್, 1915ರಲ್ಲಿ ತನ್ನ ‘ದಿ ಟ್ರ್ಯಾಂಪ್’ ಚಿತ್ರವನ್ನು ತಯಾರಿಸಿದ್ದು ಈ ಪುಟ್ಟ ಊರಿನಲ್ಲಿ. ಅಲೆಮಾರಿಯನ್ನು ಜಗತ್ತೇ ಪ್ರೀತಿಸುವಂತೆ ಮಾಡಿದ ಆ ಚಿತ್ರ ಸಿದ್ಧವಾದ ವರ್ಷದಲ್ಲೇ, ಇದೇ ಕೊಲ್ಲಿಯ ಬಾಗಿಲಿಗೆ ಬಂದ ನಿಜವಾದ ಪರದೇಶಿಗಳಿಗೆ ಎಂತಹ ಸ್ವಾಗತ ಕಾದಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋ ಎಂದೊಡನೆ ಎಲ್ಲರೂ 1937ರಲ್ಲಿ ತೆರೆದ ಗೋಲ್ಡನ್ ಗೇಟ್ ಸೇತುವೆಯತ್ತ ನಡೆಯುತ್ತಾರೆ. ಅದು ನೋಡಲೇಬೇಕಾದ್ದು ಸರಿ. ಆದರೆ ಅದಕ್ಕಿಂತ ಮೂರು ದಶಕ ಹಿರಿದಾದ ಒಂದು ಕಟ್ಟಡ ವೆಬ್‌ಸ್ಟರ್ ಮತ್ತು ಫಿಲ್ಬರ್ಟ್ ಬೀದಿಗಳ ಮೂಲೆಯಲ್ಲಿದೆ. 1892ರಲ್ಲಿ ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು 1900ರಲ್ಲಿ ಈ ಪ್ರದೇಶಕ್ಕೆ ಬಂದು ಉಪನ್ಯಾಸಗಳನ್ನು ನೀಡಿದರು. ಅವರು ನೆಟ್ಟ ವೇದಾಂತ ಸಂಘಕ್ಕೆ ಸ್ವಾಮಿ ತ್ರಿಗುಣಾತೀತಾನಂದರು ಕಟ್ಟಿಸಿದ ಮಂದಿರ 1906ರ ಜನವರಿಯಲ್ಲಿ ಸಮರ್ಪಣೆಗೊಂಡಿತು. ಮೂರೇ ತಿಂಗಳಲ್ಲಿ ನಗರವನ್ನು ಉರುಳಿಸಿದ ಏಪ್ರಿಲ್ 18ರ ಭೂಕಂಪವನ್ನೂ ಬೆಂಕಿಯನ್ನೂ ಅದು ದಾಟಿ ನಿಂತಿತು. 1908ರಲ್ಲಿ ಮೇಲಂತಸ್ತು, ಗೋಪುರಗಳು ಸೇರಿದವು. ಒಂದು ಗೋಪುರ ಬಂಗಾಳದ ಗುಡಿಯಂತೆ, ಇನ್ನೊಂದು ತಾಜಮಹಲಿನ ಗುಮ್ಮಟದಂತೆ, ಮತ್ತೊಂದು ಯೂರೋಪಿನ ಕೋಟೆಯಂತೆ! ಈ ಮಂದಿರದ ವೇದಿಕೆಯಲ್ಲೇ 1914ರ ಡಿಸೆಂಬರಿನಲ್ಲಿ, ಮತಿಭ್ರಮಣೆಗೊಂಡ ಹಳೆಯ ಶಿಷ್ಯನೊಬ್ಬ ಎಸೆದ ಬಾಂಬಿನಿಂದ ಸ್ವಾಮಿಗಳು ತೀವ್ರವಾಗಿ ಗಾಯಗೊಂಡು, ಮರುತಿಂಗಳು ದೇಹತ್ಯಾಗ ಮಾಡಿದರು.

ಇದೇ ನಗರದ 5, ವುಡ್ ಸ್ಟ್ರೀಟ್ ಎಂಬ ವಿಳಾಸದಲ್ಲಿ ಗದರ್ ಸ್ಮಾರಕವಿದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ, ಆರೆಗನ್ನಿನ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ರೈತರೂ ಬರ್ಕ್‌ಲಿಯ ವಿದ್ಯಾರ್ಥಿಗಳೂ ಲಾಲಾ ಹರದಯಾಳರ ಜೊತೆಗೂಡಿ ಹೊರತಂದ ‘ಗದರ್’ ಪತ್ರಿಕೆಯ ಮೊದಲ ಸಂಚಿಕೆ 1913ರ ನವೆಂಬರ್ 1ರಂದು ಪ್ರಕಟವಾಯಿತು. ನಾವು ರಾಜ್ಯೋತ್ಸವವನ್ನು ಆಚರಿಸುವ ದಿನವೂ ಅದೇ ಎಂಬುದು ಕಾಕತಾಳೀಯವಾದರೂ ಮನಸ್ಸಿನಲ್ಲಿ ನಿಲ್ಲುತ್ತದೆ. ಆ ಪತ್ರಿಕೆಯ ಮುದ್ರಣಕ್ಕೆ ಕೈಗೂಡಿಸಿದ ಕರ್ತಾರ್ ಸಿಂಗ್ ಸರಾಭಾ ಊರಿಗೆ ಮರಳಿ, 1915ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದಾಗ ಆತನಿಗೆ ಹತ್ತೊಂಬತ್ತು ವರ್ಷ. ಆ ವಯಸ್ಸಿನ ಮಕ್ಕಳನ್ನು ಕಾಲೇಜಿಗೆ ಕಳುಹಿಸಿ, ಊಟ ಮಾಡಿದೆಯಾ ಎಂದು ರಾತ್ರಿ ಫೋನ್ ಮಾಡಿ ಕೇಳುವ ತಾಯಂದಿರು ಈ ಸಂಖ್ಯೆಯನ್ನು ಸುಲಭವಾಗಿ ಮರೆಯಲಾರರು.

ನಮ್ಮ ತಿರುಗಾಟಗಳಲ್ಲಿ ಮನಸ್ಸನ್ನು ಅತಿಯಾಗಿ ಕಲಕಿದ್ದು ಏಂಜಲ್ ದ್ವೀಪ. ದೋಣಿಯಲ್ಲಿ ಹೋಗಿ ಇಳಿದರೆ ಹಸಿರು ಗುಡ್ಡ, ನೀಲಿ ನೀರು, ಎದುರಿಗೆ ನಗರದ ಸೊಗಸಾದ ನೋಟ. ಆದರೆ 1910ರಿಂದ 1940ರವರೆಗೆ ಇಲ್ಲಿ ವಲಸಿಗರ ತಪಾಸಣಾ ಕೇಂದ್ರವಿತ್ತು. ಪೂರ್ವ ಕರಾವಳಿಯ ಎಲಿಸ್ ದ್ವೀಪದಲ್ಲಿ ಬಹುಮಂದಿ ಕೆಲವೇ ಗಂಟೆಗಳಲ್ಲಿ ಒಳಗೆ ಹೋದರೆ, ಇಲ್ಲಿ ಏಷ್ಯಾದವರು ವಾರಗಟ್ಟಲೆ, ತಿಂಗಳುಗಟ್ಟಲೆ ಕೂಡಿಹಾಕಲ್ಪಟ್ಟರು. ಬೇಸರ, ಅವಮಾನಗಳನ್ನು ಚೀನೀಯರು ಮರದ ಗೋಡೆಗಳ ಮೇಲೆ ಕವಿತೆಗಳಾಗಿ ಕೊರೆದರು. ಕೆಡವಲು ಗುರುತಿಸಿದ್ದ ಕಟ್ಟಡದಲ್ಲಿ 1970ರಲ್ಲಿ ಉದ್ಯಾನದ ಕಾವಲು ಅಧಿಕಾರಿಯೊಬ್ಬರು ಅವುಗಳ ಮಹತ್ವವನ್ನು ಮನಗಂಡದ್ದರಿಂದ ಅವು ಉಳಿದವು. ನಮ್ಮಲ್ಲಿ ಶಾಸನಗಳನ್ನು ಬರೆಸಿದವರು ಬಹುಮಟ್ಟಿಗೆ ರಾಜರು, ದಾನಿಗಳು; ಇಲ್ಲಿ ಹೆಸರಿಲ್ಲದ ಬಂದಿಗಳೇ ಶಾಸನಕಾರರು. ಈ ದ್ವೀಪಕ್ಕೆ ಬಂದ ಎಲ್ಲ ಜನವರ್ಗಗಳಲ್ಲಿ ಅತಿ ಹೆಚ್ಚಿನ ಪ್ರಮಾಣದಲ್ಲಿ ತಿರಸ್ಕೃತರಾದವರು ಭಾರತದವರು ಎಂದು ಇತಿಹಾಸಕಾರರು ದಾಖಲಿಸಿದ್ದಾರೆ.

ಒಳಗೆ ಬಿಡಲ್ಪಟ್ಟವರ ಕಥೆಯಾದರೂ ಏನು? 1915ರಲ್ಲಿ ಪೇಶಾವರದಿಂದ ವೈಷ್ಣೋದಾಸ್ ಬಗಾಯಿ, ಅವರ ಪತ್ನಿ ಕಲಾ ಮತ್ತು ಮೂವರು ಗಂಡುಮಕ್ಕಳು ಈ ದ್ವೀಪಕ್ಕೆ ಬಂದಿಳಿದರು. ಕಲಾ ಅವರ ಮೂಗುಬೊಟ್ಟು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದಕ್ಕೆ ಸುದ್ದಿಯಾಯಿತು. ಭಾರತೀಯ ಹೆಣ್ಣುಮಕ್ಕಳು ಇಲ್ಲಿ ಅಷ್ಟು ಅಪರೂಪ. ಬರ್ಕ್‌ಲಿಯಲ್ಲಿ ಮನೆ ಕೊಂಡು ಸಾಮಾನಿನೊಂದಿಗೆ ಬಂದ ದಿನ, ನೆರೆಹೊರೆಯವರು ಮನೆಗೆ ಬೀಗ ಜಡಿದು ಒಳಗೆ ಬರಗೊಡಲಿಲ್ಲ. ಆದರೂ ವೈಷ್ಣೋದಾಸರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದರು. 1921ರಲ್ಲಿ ಪೌರತ್ವವನ್ನೂ ಪಡೆದರು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪಿತ್ತಿತು. ಕೊಟ್ಟ ಪೌರತ್ವವನ್ನು ಸರ್ಕಾರ ಕಿತ್ತುಕೊಂಡಿತು. ಆಸ್ತಿ ಹೊಂದುವ ಹಕ್ಕು ಹೋಯಿತು. ತಾಯ್ನಾಡನ್ನು ನೋಡಿಬರಲು ಅಮೆರಿಕದ ಪಾಸ್‌ಪೋರ್ಟೂ ದೊರೆಯಲಿಲ್ಲ. ಅತ್ತ ದೇಶವಿಲ್ಲ, ಇತ್ತ ನೆಲೆಯಿಲ್ಲ ಎಂಬಂತಾಗಿ, 1928ರಲ್ಲಿ ಅವರು ಸ್ಯಾನ್ ಹೋಸೆಯ ಒಂದು ಬಾಡಿಗೆ ಕೋಣೆಯಲ್ಲಿ ಪ್ರಾಣ ನೀಗಿದರು. 2014ರಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಸ್ಯಾನ್ ಹೋಸೆಯಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಕಲಾ ಬಗಾಯಿ ಎದೆಗುಂದಲಿಲ್ಲ. ಮಕ್ಕಳನ್ನು ಓದಿಸಿದರು, ಮುಂದೆ ಲಾಸ್ ಏಂಜಲೀಸಿನಲ್ಲಿ ಭಾರತೀಯ ಸಮುದಾಯಕ್ಕೆ ಹಿರಿಯಕ್ಕನಂತೆ ಬಾಳಿ 1983ರಲ್ಲಿ ತೀರಿಕೊಂಡರು. ಒಂದು ಕಾಲಕ್ಕೆ ಮನೆಯೊಳಗೆ ಬಿಡದ ಬರ್ಕ್‌ಲಿ ನಗರ, ಈಗ ತನ್ನ ಒಂದು ಬೀದಿಗೆ ಅವರ ಹೆಸರಿಟ್ಟಿದೆ. ‘ಕಲಾ ಬಗಾಯಿ ವೇ’ ಎಂಬ ಆ ಫಲಕದ ಕೆಳಗೆ ನಾವಿಬ್ಬರೂ ಬಹಳ ಹೊತ್ತು ನಿಂತಿದ್ದೆವು. ಕಟ್ಟಡದ ಅಳತೆ ಹೇಳುವ ನಮ್ಮ ಯಜಮಾನರು ಅಂದು ಏನನ್ನೂ ಅಳೆಯಲಿಲ್ಲ.

1946ರ ಕಾನೂನು ಭಾರತೀಯರಿಗೆ ಪೌರತ್ವದ ಹಕ್ಕನ್ನೂ ವರ್ಷಕ್ಕೆ ನೂರು ಮಂದಿಯ ಪ್ರವೇಶವನ್ನೂ ನೀಡಿತು. 1965ರ ಕಾನೂನು ಬಾಗಿಲನ್ನು ಅಗಲವಾಗಿ ತೆರೆಯಿತು. ನಮ್ಮ ಇಂಜಿನಿಯರುಗಳು, ವೈದ್ಯರು ಬಂದದ್ದು ಆ ಬಾಗಿಲಿನಿಂದ. 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಹುಟ್ಟಿತು. 1986ರಲ್ಲಿ ಲಿವರ್‌ಮೋರಿನ ಶಿವ-ವಿಷ್ಣು ದೇವಾಲಯದಲ್ಲಿ ಕುಂಭಾಭಿಷೇಕ ನಡೆಯಿತು. ನಮ್ಮ ಪ್ರತಿಭೆಯೊಂದರಿಂದಲೇ ಇವೆಲ್ಲ ದೊರೆತವೆಂದು ಎದೆಯುಬ್ಬಿಸುವ ಮುನ್ನ, ಬಾಗಿಲು ಮುಚ್ಚಿದ್ದಾಗ ಅದನ್ನು ತಟ್ಟಿದವರನ್ನು ನೆನೆಯುವುದು ಕೃತಜ್ಞತೆಯ ಲಕ್ಷಣ. ಕೊಟ್ಟ ಹಕ್ಕನ್ನು ಕಾನೂನು ಮರಳಿ ಕಸಿಯಬಲ್ಲದು ಎಂಬುದಕ್ಕೂ ನಮ್ಮದೇ ಜನರ ಬಾಳು ಸಾಕ್ಷಿಯಾಗಿದೆ.

ಕಡೆಯದಾಗಿ ಒಂದು ಬಿನ್ನಹ. ಎಪ್ಪತ್ತರ ದಶಕದಲ್ಲಿ ಬಂದ ನಮ್ಮ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಅವರು ಮೊದಲ ಯುಗಾದಿಯನ್ನು ಯಾರ ಮನೆಯಲ್ಲಿ ಆಚರಿಸಿದರು, ಮಕ್ಕಳಿಗೆ ಕನ್ನಡ ಅಕ್ಷರವನ್ನು ಎಲ್ಲಿ ಕಲಿಸಿದರು, ಬಾಡಿಗೆ ಮನೆ ಕೇಳಿದಾಗ ಎಂತಹ ಉತ್ತರ ದೊರೆಯಿತು ಎಂಬುದು ಯಾವ ಫಲಕದ ಮೇಲೂ ಬರೆದಿಲ್ಲ. ಸಮ್ಮೇಳನಕ್ಕೆ ಬಂದಿರುವ ದಂಪತಿಗಳು ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಒಂದು ಶನಿವಾರವನ್ನು ಹತ್ತಿರದ ಒಂದು ಚಾರಿತ್ರಿಕ ಸ್ಥಳಕ್ಕೂ, ಇನ್ನೊಂದನ್ನು ಹತ್ತಿರದ ಒಬ್ಬ ಹಿರಿಯರ ಮನೆಗೂ ಮೀಸಲಿಡಲಿ. ಹೋಗುವಾಗ ಕೈಯಲ್ಲೊಂದು ನೋಟುಪುಸ್ತಕವಿರಲಿ.